ವಕೀಲರ ಕಟ್ಟೆ: ಭಾನುವಾರ ಮಗಳನ್ನು ಕಳಿಸಲೋ ಬೇಡವೋ?

ವಾಟ್ನಿ, ಪೋಡಿ, ಉತಾರದಂಥ ಜಮೀನಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ, ಬೇಜಾರಾಗಬೇಡಿ. ಈ ಸಲ ಗಂಡ-ಹೆಂಡಿರ ಕೇಸಿನ ನಡುವೆ ಸಿಕ್ಕಿಕೊಂಡ ಮಕ್ಕಳ ಬಗ್ಗೆಯೇ ಜಾಸ್ತಿ ಪತ್ರ ಬಂದಿವೆ. ಯಾರ ಹೆಸರನ್ನೂ ಹಾಕಿಲ್ಲ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೀ ಮರ್ಯಾದೆಗಲ್ಲ. ಮಗುವಿನ ಗುರುತು ಸಿಗುವಂಥ ಯಾವುದನ್ನೂ ಅಚ್ಚು ಹಾಕಬಾರದು ಎಂದು, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. ವಾಟ್ಸಾಪ್ ಸ್ಟೇಟಸ್‌ನಲ್ಲಿ ಮಗಳ ಫೋಟೊ ಹಾಕಿ "ನ್ಯಾಯ ಕೊಡಿಸಿ" ಎಂದು ಬರೆಯುವವರೂ ಇದನ್ನು ತಿಳಿದಿರಲಿ.

ಪ್ರಶ್ನೆ: ಅಕ್ಕಾ, ನನಗೆ ಆರು ವರ್ಷದ ಮಗಳಿದ್ದಾಳೆ. ತವರಿನಲ್ಲಿದ್ದೇನೆ. ಬೆಳಗಾವಿ ಫ್ಯಾಮಿಲಿ ಕೋರ್ಟಿನಲ್ಲಿ ಕೇಸ್ ನಡೆದಿದೆ. ಕೋರ್ಟ್ ಆದೇಶದಂತೆ ಎರಡು ವಾರಕ್ಕೊಮ್ಮೆ ಭಾನುವಾರ ಅವರಪ್ಪ ಕರಕೊಂಡು ಹೋಗುತ್ತಾರೆ. ಹೋದ ಸಲ ಬಂದವಳು ಊಟ ಮಾಡಲಿಲ್ಲ. ಮಲಗುವಾಗ "ಕಾಕಾ ಬಾಗಲಾ ಹಾಕ್ತಾನ, ನಂಗ ಅಲ್ಲಿ ಹೋಗೂದು ಬ್ಯಾಡವ್ವ" ಎಂದಳು. ಮತ್ತೆ ಮತ್ತೆ ಕೇಳಿದರೆ ಸುಮ್ಮನಾಗುತ್ತಾಳೆ. ನಮ್ಮಣ್ಣ "ಈಗ ಇದನ್ನ ಎತ್ತಿದ್ರ ಕೂಸಿನ್ನ ಕೊಡಬಾರ್ದಂತ ನಾಟಕಾ ಮಾಡ್ತಾಳ ಅಂತಾರ, ಕೇಸೇ ಕೆಡ್ತದ" ಎನ್ನುತ್ತಾನೆ. ಅವಳ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಲೇ? ಮುಂದಿನ ಭಾನುವಾರ ಕಳಿಸಲೇ?
– ಹೆಸರು ಬೇಡ, ವಡಗಾವಿ

ಉತ್ತರ: ತಂಗಿ, ಮೊದಲು ಆ ಮೊಬೈಲ್ ಕೆಳಗಿಡಿ.

ಇಂಥ ವಿಡಿಯೊಗಳನ್ನು ಬೇಕಾದಷ್ಟು ನೋಡಿದ್ದೇನೆ. ಮಗು ಹಾಸಿಗೆ ಮೇಲೆ ಕೂತಿರುತ್ತದೆ. ಕ್ಯಾಮೆರಾದ ಹಿಂದಿನಿಂದ ತಾಯಿಯ ದನಿ: "ಹೇಳವ್ವ, ಕಾಕಾ ಏನ್ ಮಾಡ್ದ? ಹೀಂಗ ಮಾಡಿದ್ನಲ್ಲಾ? ಹೂಂ ಅನ್ನು." ಮಗು ಒಮ್ಮೆ ಬಾಗಿಲು ನೋಡುತ್ತದೆ, ಒಮ್ಮೆ ತಾಯಿಯ ಮುಖ ನೋಡುತ್ತದೆ, ಆಮೇಲೆ ಹೂಂ ಅನ್ನುತ್ತದೆ. ಎದುರು ಪಾರ್ಟಿಯ ವಕೀಲರಿಗೆ ಅಷ್ಟು ಸಾಕು. ನಿಜ ಹೇಳಿದ ಕೂಸು ಕೂಡ ಆ ವಿಡಿಯೊದಲ್ಲಿ ಹೇಳಿಕೊಟ್ಟ ಪಾಠ ಒಪ್ಪಿಸಿದಂತೆ ಕಾಣುತ್ತದೆ. ಮತ್ತೆ ಮತ್ತೆ ಕೇಳಿದಾಗ ಮಕ್ಕಳಿಗೆ ಇನ್ನೊಂದು ಅನುಮಾನ ಬರುತ್ತದೆ: ಮೊದಲು ಹೇಳಿದ್ದು ತಪ್ಪಾಯಿತೇನೋ, ಅವ್ವನಿಗೆ ಬೇರೆ ಉತ್ತರ ಬೇಕೇನೋ. ಆಗ ಒಂದೋ ಬಾಯಿ ಮುಚ್ಚಿಕೊಳ್ಳುತ್ತವೆ, ಇಲ್ಲಾ ನಿಮ್ಮನ್ನು ಮೆಚ್ಚಿಸಲು ಏನಾದರೂ ಸೇರಿಸುತ್ತವೆ. ಎರಡೂ ಕೆಟ್ಟದ್ದೇ.

ಅದರ ಬದಲು ಒಂದು ನೋಟ್‌ಬುಕ್ ತಗೊಳ್ಳಿ. ಇವತ್ತೇ ಬರೆಯಿರಿ, ನೆನಪು ಹಸಿ ಇರುವಾಗಲೇ. ಹೀಗೆ: ತಾರೀಖು. "ಸಂಜೆ ಏಳಕ್ಕೆ ಬಂದಳು. ಊಟ ಬೇಡ ಎಂದಳು. ಮಲಗುವಾಗ ಕೋಣೆಯಲ್ಲಿ ನಾನು, ಅವಳು ಇಬ್ಬರೇ. ನಾನು ಏನೂ ಕೇಳಿರಲಿಲ್ಲ. ತಾನಾಗಿ ಹೇಳಿದಳು." ಮುಂದೆ ಅವಳ ಮಾತು, ಅವಳ ಬಾಯಿಂದ ಬಂದಂತೆಯೇ. 'ಬಾಗಲಾ ಹಾಕ್ತಾನ' ಎಂದಿದ್ದರೆ ಅದನ್ನೇ ಬರೆಯಿರಿ, ಅದಕ್ಕೆ ನಿಮ್ಮ ಅರ್ಥ ಹಚ್ಚಬೇಡಿ. ಆಮೇಲೆ ನೀವು ಏನೇನು ಕೇಳಿದಿರಿ, ಅವಳು ಏನಂದಳು, ಎಲ್ಲಿ ಸುಮ್ಮನಾದಳು, ಅದೂ ಇರಲಿ. ನೀವು ಮತ್ತೆ ಮತ್ತೆ ಕೇಳಿದ್ದನ್ನೂ ಮುಚ್ಚಿಡಬೇಡಿ. ಫ್ಯಾಮಿಲಿ ಕೋರ್ಟ್ ಕಾಯ್ದೆ 1984ರ 14ನೇ ಸೆಕ್ಷನ್ ಪ್ರಕಾರ, ಸಾಕ್ಷ್ಯ ಕಾನೂನಿನ ಬಿಗಿ ನಿಯಮಕ್ಕೆ ಹೊಂದದ ಕಾಗದವನ್ನೂ ಉಪಯೋಗ ಅನ್ನಿಸಿದರೆ ನ್ಯಾಯಾಧೀಶರು ನೋಡಬಹುದು. ಆ ಪುಟಕ್ಕೆ ಬೆಲೆ ಬರುವುದು ಅದರಲ್ಲಿ ಮಸಾಲೆ ಇಲ್ಲದಿದ್ದಾಗ.

ಮಗಳಿಗೆ ಹೇಳಬೇಕಾದ್ದು ಎರಡೇ ಮಾತು. ಹೇಳಿದ್ದು ಒಳ್ಳೇದಾಯ್ತು, ನಿನ್ನದೇನೂ ತಪ್ಪಿಲ್ಲ. ಅವಳೆದುರು ಆ ಕಾಕಾನಿಗೆ ಬೈಯಬೇಡಿ. "ಮೊದಲೇ ಯಾಕ ಹೇಳಲಿಲ್ಲ" ಎಂದಂತೂ ಕೇಳಲೇಬೇಡಿ.

ಈಗ ನಿಮ್ಮಣ್ಣನ ಮಾತು. ಅವರು ಅರ್ಧ ಸರಿ. ಕಸ್ಟಡಿ ಕೇಸಿನಲ್ಲಿ ಇಂಥ ಆರೋಪ ಬಂದರೆ ಎಲ್ಲರ ಹುಬ್ಬು ಮೇಲೇರುತ್ತದೆ. ಆದರೆ ಅನುಮಾನ ಜಾಸ್ತಿಯಾಗುವುದು ತಡ ಮಾಡಿದಾಗ. ಮೂರು ತಿಂಗಳು ಸುಮ್ಮನಿದ್ದು, ಆರ್ಡರ್ ಬರುವ ಹಿಂದಿನ ವಾರ ಅಫಿಡವಿಟ್‌ನಲ್ಲಿ ಒಂದು ಪ್ಯಾರಾ ತುರುಕಿದರೆ ಯಾರು ನಂಬುತ್ತಾರೆ? ಇದನ್ನು ಮೊದಲು ಹೇಳಬೇಕಾದ ಜಾಗ ಫ್ಯಾಮಿಲಿ ಕೋರ್ಟೇ ಅಲ್ಲ. ಪೊಲೀಸ್ ಠಾಣೆ. ಒಬ್ಬರೇ ಹೋಗಲು ಅಳುಕಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರನ್ನು ಜೊತೆಗೆ ಕರೆಯಿರಿ. ಪೋಕ್ಸೋ 19ನೇ ಸೆಕ್ಷನ್ ಪ್ರಕಾರ ಅಪರಾಧ ಆಗಿದೆ ಎಂದು ಗೊತ್ತಿರುವವರಷ್ಟೇ ಅಲ್ಲ, ಆಗಬಹುದು ಎಂಬ ಆತಂಕ ಇರುವವರೂ ತಿಳಿಸಬೇಕು. ಸಾಬೀತು ಮಾಡುವುದು ನಿಮ್ಮ ಕೆಲಸ ಅಲ್ಲ. ಒಳ್ಳೆ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸ್ ಹಾಕಲು ಬರುವುದಿಲ್ಲ ಎಂದು ಅದೇ ಸೆಕ್ಷನ್ ಹೇಳುತ್ತದೆ. ಬೇಕಂತಲೇ ಸುಳ್ಳು ದೂರು ಕೊಟ್ಟವರಿಗೆ 22ನೇ ಸೆಕ್ಷನ್‌ನಲ್ಲಿ ಶಿಕ್ಷೆ ಇದೆ, ನಿಮಗೆ ಅದರ ಭಯ ಬೇಡ.

ಮಗಳನ್ನು ಠಾಣೆಯ ಬೆಂಚಿನ ಮೇಲೆ ಕೂಡಿಸಬೇಕಾದ್ದಿಲ್ಲ. ಅವಳ ಹೇಳಿಕೆಯನ್ನು ಮನೆಯಲ್ಲಿ ಅಥವಾ ಅವಳಿಗೆ ಹಿತವಾದ ಕಡೆ ತಗೊಳ್ಳಬೇಕು. ಸಾಧ್ಯವಾದ ಮಟ್ಟಿಗೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಬರಬೇಕು, ಯೂನಿಫಾರ್ಮ್ ಹಾಕಿರಬಾರದು. ನೀವು ಪಕ್ಕದಲ್ಲಿರಬಹುದು. ವೈದ್ಯಕೀಯ ಪರೀಕ್ಷೆ ಬೇಕಾದರೆ ಹೆಣ್ಣುಮಗುವಿಗೆ ಮಹಿಳಾ ಡಾಕ್ಟರೇ ಮಾಡಬೇಕು. ತುರ್ತು ಚಿಕಿತ್ಸೆಗೆ ಹೋದಾಗ "ಮೊದಲು ಎಫ್‌ಐಆರ್ ತನ್ನಿ" ಎಂದು ಆಸ್ಪತ್ರೆಯವರು ಕೇಳುವಂತಿಲ್ಲ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಕೊಡಬೇಕು. ಆ ಸಮಿತಿ ನಿಮಗೆ ಒಬ್ಬ ಸಹಾಯಕ ವ್ಯಕ್ತಿಯನ್ನು ಕೊಡಬಹುದು. ಮರೆಯದೆ ಕೇಳಿ ಪಡೆಯಿರಿ. ಕೇಸಿನ ಉದ್ದಕ್ಕೂ ಠಾಣೆ-ಆಸ್ಪತ್ರೆ-ಕೋರ್ಟು ಅಂತ ಅಲೆಯುವಾಗ ಜೊತೆಗೆ ಬರುವವರು ಅವರೇ.

ಇನ್ನು ಭಾನುವಾರ. ಅಪಾಯ ಇದೆ ಎಂದು ನಿಜವಾಗಿ ಅನ್ನಿಸಿದರೆ ಕಳಿಸಬೇಡಿ. ಆದರೆ ಸುಮ್ನೆ ಕಳಿಸದೆ ಇರಬೇಡಿ. "ಜ್ವರ ಬಂದದ", "ಊರಿಗೆ ಹೋಗೀವಿ" ಎಂಬ ನೆಪ ಹೇಳಿದಿರೋ, ಆದೇಶ ಮುರಿದವರು ನೀವಾಗುತ್ತೀರಿ, ಮುಂದೆ ನಿಜ ಹೇಳಿದರೂ ಅದು ಇನ್ನೊಂದು ನೆಪವಾಗುತ್ತದೆ. ಭಾನುವಾರಕ್ಕೆ ಮುಂಚೆಯೇ ನಿಮ್ಮ ವಕೀಲರ ಮೂಲಕ ಕೇಸನ್ನು ಅಡ್ವಾನ್ಸ್ ಮಾಡಿಸಿ (ಅಂದರೆ ಕೊಟ್ಟ ತಾರೀಖಿಗಿಂತ ಮುಂಚೆ ತೆಗೆದುಕೊಳ್ಳಲು ಕೇಳಿ), ಭೇಟಿಯ ಆದೇಶ ಬದಲಿಸಲು ಮಧ್ಯಂತರ ಅರ್ಜಿ ಹಾಕಿಸಿ. ದೂರಿನ ಪ್ರತಿ ಲಗತ್ತಿಸಿ. ವಿಚಾರಣೆ ಮುಚ್ಚಿದ ಬಾಗಿಲೊಳಗೆ ಆಗಲಿ ಎಂದೂ ಕೇಳಿ. ಇಬ್ಬರಲ್ಲಿ ಒಬ್ಬರು ಕೇಳಿದರೂ ಫ್ಯಾಮಿಲಿ ಕೋರ್ಟ್ ಹಾಗೇ ನಡೆಸಬೇಕು, ಫ್ಯಾಮಿಲಿ ಕೋರ್ಟ್ ಕಾಯ್ದೆಯ 11ನೇ ಸೆಕ್ಷನ್.

ಆ ಅರ್ಜಿಯಲ್ಲಿ ಏನು ಕೇಳುತ್ತೀರಿ ಎನ್ನುವುದರ ಮೇಲೆ ಬಹಳ ನಿಂತಿದೆ. ನಿಮ್ಮ ಮಗಳು ಹೆಸರು ಹೇಳಿದ್ದು ಕಾಕಾನದು. ಅವರಪ್ಪನದಲ್ಲ. ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ ನಿಮಗೆ ತಿಳಿಯದು. ಹೀಗಿರುವಾಗ "ಅಪ್ಪನೂ ಶಾಮೀಲು, ಇನ್ನು ಮಗಳ ಮುಖವನ್ನೇ ತೋರಿಸುವುದಿಲ್ಲ" ಎಂದು ಬರೆದರೆ ನಿಮ್ಮಣ್ಣ ಹೆದರಿದ್ದು ನಿಜವಾಗುತ್ತದೆ. ಆ ಮನೆಗೆ ಮಗಳು ಹೋಗುವುದು ಬೇಡ, ಕಾಕಾ ಅವಳ ಹತ್ತಿರ ಬರಬಾರದು, ಅಪ್ಪ ಕೋರ್ಟಿನ ಆವರಣದಲ್ಲಿ ಕೌನ್ಸೆಲರ್ ಎದುರು ಭೇಟಿಯಾಗಲಿ ಎಂದು ಕೇಳಿ. ಆಗ ನೀವು ಗಂಡನ ಮೇಲೆ ಸೇಡು ತೀರಿಸುತ್ತಿಲ್ಲ, ಮಗಳನ್ನು ಕಾಯುತ್ತಿದ್ದೀರಿ ಎಂದು ಯಾರಿಗಾದರೂ ಕಾಣುತ್ತದೆ.

ಪೋಕ್ಸೋ ಕೇಸ್ ಮುಗಿಯುವವರೆಗೆ ಫ್ಯಾಮಿಲಿ ಕೋರ್ಟ್ ಕೈಕಟ್ಟಿ ಕೂರಬೇಕಿಲ್ಲ. 2008ರಲ್ಲಿ ನೀಲ್ ರತನ್ ಕುಂಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಂದೆಯ ಮೇಲೆ ಹೆಂಡತಿಯ ಸಾವಿನ ಕೇಸ್ ಬಾಕಿ ಇರುವುದನ್ನು ಕಸ್ಟಡಿ ತೀರ್ಮಾನದಲ್ಲಿ ಲೆಕ್ಕಕ್ಕೆ ತಗೊಳ್ಳಲೇಬೇಕು ಎಂದಿತು. ಆ ಹುಡುಗ ಕೊನೆಗೆ ಅಜ್ಜ-ಅಜ್ಜಿಯ ಹತ್ತಿರವೇ ಉಳಿದ. ಕ್ರಿಮಿನಲ್ ಕೋರ್ಟ್ ಕೇಳುವುದು ಅಪರಾಧ ಸಾಬೀತಾಯಿತೇ ಎಂದು. ಫ್ಯಾಮಿಲಿ ಕೋರ್ಟ್ ಕೇಳುವುದು ಮಗು ಎಲ್ಲಿ ಕ್ಷೇಮ ಎಂದು.

ಪ್ರಶ್ನೆ: ಮೇಡಂ, ನನ್ನ ಒಂಬತ್ತು ವರ್ಷದ ಮಗ ತಾಯಿಯ ಹತ್ತಿರ ಇದ್ದಾನೆ. ಅವನ ಸೋದರಮಾವ ಬೆಲ್ಟಿನಿಂದ ಹೊಡೆಯುತ್ತಾನೆ. ಈ ಶನಿವಾರ ಬೆನ್ನಿನ ಮೇಲೆ ಬರೆ ನೋಡಿದೆ. ತಂದೆ ಹೇಳಿದರೆ "ಜೀವನಾಂಶ ತಪ್ಪಿಸಲು ಹೇಳ್ತಾನೆ" ಅಂತಾರೆ. ಮುಂದಿನ ಸಲ ಕರಕೊಂಡು ಬಂದವನನ್ನು ವಾಪಸ್ ಕಳಿಸದೆ ಇಟ್ಟುಕೊಳ್ಳಲೇ?
– ಒಬ್ಬ ತಂದೆ, ಜಮಖಂಡಿ

ಉತ್ತರ: ಸರ್, ಇಟ್ಟುಕೊಳ್ಳಬೇಡಿ. ನೀವು ಹಾಗೆ ಮಾಡಿದ ದಿನದಿಂದ ಬೆಲ್ಟಿನ ಮಾತು ಹಿಂದಕ್ಕೆ ಹೋಗುತ್ತದೆ, ನೀವು ಮಗನನ್ನು ಎತ್ತಿಕೊಂಡು ಹೋದ ಮಾತು ಮುಂದಕ್ಕೆ ಬರುತ್ತದೆ. ಅವರು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಿ, ಮಗನನ್ನು ತಂದು ಹಾಜರುಪಡಿಸಿ ಎಂದು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರೆ ನಿಮ್ಮ ದುಡ್ಡೂ ಹೋಗುತ್ತದೆ, ಹೆಸರೂ ಹೋಗುತ್ತದೆ.

ಬರೆ ಕಂಡ ದಿನವೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಗಾಯದ ಪ್ರಮಾಣಪತ್ರ ಮಾಡಿಸಬೇಕು. ಮಾಸಿದ ಮೇಲೆ ಯಾರೂ ಬರೆದುಕೊಡುವುದಿಲ್ಲ. ಈ ಸಲ ಮಾಡಿಸಿಲ್ಲವಾದರೆ ಫೋಟೊ ಇದೆಯೇ ನೋಡಿ. ಅದೇ ದಿನ ಆ ಆಸ್ಪತ್ರೆಯಿಂದಲೇ 1098ಕ್ಕೆ ಫೋನ್ ಮಾಡಿ. ಜೀವಕ್ಕೇ ಅಪಾಯ ಅನ್ನಿಸಿದರೆ ತುರ್ತು ಸಂಖ್ಯೆ 112. ಮಗನನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಲು ಕಾನೂನಿನಲ್ಲಿ ದಾರಿ ಇದೆ. ನೀವೇ ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಸಮಿತಿಯ ಮುಂದೆ ಕರೆದೊಯ್ಯುವುದಕ್ಕೂ ಬಹಳ ಫರಕು. ಸಮಿತಿ ಕಸ್ಟಡಿ ವ್ಯಾಜ್ಯ ತೀರಿಸುವುದಿಲ್ಲ, ಮಗು ಇವತ್ತು ರಾತ್ರಿ ಎಲ್ಲಿ ಮಲಗಿದರೆ ಕ್ಷೇಮ ಎಂದು ನೋಡುತ್ತದೆ. ಮಗುವನ್ನು ಸುಪರ್ದಿಯಲ್ಲಿ ಇಟ್ಟುಕೊಂಡವರೇ ಹೀಗೆ ಹಿಂಸೆ ಕೊಟ್ಟರೆ ಬಾಲನ್ಯಾಯ ಕಾಯ್ದೆ 2015ರ 75ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು ಆಗಬಹುದು. "ಬುದ್ಧಿ ಕಲಿಸಲು ಹೊಡೆದೆ" ಎಂದು ಹೇಳಿ ಬೆಲ್ಟಿನ ಬರೆಯಿಂದ ಪಾರಾಗುವುದು ಸುಲಭವಲ್ಲ.

ಜೀವನಾಂಶ ಬಾಕಿ ಇದ್ದರೆ ಮೊದಲು ತುಂಬಿ. ಖಾರವಾಗಿ ಹೇಳುತ್ತೇನೆ: ಎಷ್ಟೋ ತಂದೆಯರ ಒಳ್ಳೆ ಕೇಸ್ ಬಿದ್ದುಹೋಗುವುದು ಇಲ್ಲೇ. ಬಾಕಿ ಇಟ್ಟುಕೊಂಡು ಮಗನ ಕಾಳಜಿ ಮಾತಾಡಿದರೆ ನ್ಯಾಯಾಧೀಶರು ಮೊದಲು ಕೇಳುವುದು ಬಾಕಿಯ ಲೆಕ್ಕವನ್ನೇ.

ಕಸ್ಟಡಿ ಬದಲಿಸಲು ಅರ್ಜಿ ಹಾಕಿ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಎಂಬ ನಿಯಮ 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆಯಲ್ಲಿದೆ. ನಿಮ್ಮ ಮಗ ಆ ವಯಸ್ಸು ದಾಟಿದ್ದಾನೆ. ಒಂಬತ್ತು ವರ್ಷದವನ ಮಾತನ್ನು ನ್ಯಾಯಾಧೀಶರು ಛೇಂಬರಿಗೆ ಕರೆದು ಕೇಳುವ ಸಂಭವ ಜಾಸ್ತಿ. ಅಲ್ಲಿ ನೀವೂ ಇರುವುದಿಲ್ಲ, ಅವರೂ ಇರುವುದಿಲ್ಲ. ಯಾವ ಶಾಲೆ, ದೋಸ್ತ ಯಾರು, ಮಧ್ಯಾಹ್ನ ಊಟಕ್ಕೆ ಏನಿತ್ತು ಎಂದು ಶುರುವಾಗುತ್ತದೆ. ದಯವಿಟ್ಟು ಅವನಿಗೆ ಏನೂ ಹೇಳಿಕೊಡಬೇಡಿ. ಮನೆಯಲ್ಲಿ "ನಾ ಒಲ್ಲೆ" ಎನ್ನುವ ಹುಡುಗ ಛೇಂಬರಿನಲ್ಲಿ "ನನಗೆ ಅವರೊಂದಿಗೆ ವಾಸಿಸಲು ಇಚ್ಛೆ ಇರುವುದಿಲ್ಲ" ಎಂದರೆ, ಅದು ಯಾವ ವಕೀಲರ ಆಫೀಸಿನಲ್ಲಿ ಟೈಪ್ ಆದದ್ದು ಎಂದು ಅಲ್ಲಿರುವ ಸ್ಟೆನೋಗೂ ಗೊತ್ತಾಗುತ್ತದೆ.

ಪ್ರಶ್ನೆ: ನಾನು ಕನ್ನಡ ಶಾಲೆಯ ಶಿಕ್ಷಕಿ. ನಾಲ್ಕನೇ ತರಗತಿಯ ಒಬ್ಬ ಹುಡುಗಿ, ಮನೆಯಲ್ಲಿ ಒಬ್ಬರು ತನ್ನ ಜೊತೆ ಕೆಟ್ಟದಾಗಿ ನಡೆದುಕೊಳ್ಳುತ್ತಾರೆ ಎಂದು ನನಗೆ ಹೇಳಿದ್ದಾಳೆ. ಅವಳ ತಂದೆ-ತಾಯಿ ಕೋರ್ಟಿನಲ್ಲಿದ್ದಾರೆ. ಇಬ್ಬರೂ ಬಂದು ತಮ್ಮ ಪರವಾಗಿ ಪತ್ರ ಕೊಡಿ ಎನ್ನುತ್ತಾರೆ. ಹೆಡ್‌ಮಾಸ್ತರರು "ಅವರ ಮನೆ ಜಗಳ, ನಮಗ್ಯಾಕೆ" ಎನ್ನುತ್ತಾರೆ.
– ಶಿಕ್ಷಕಿ, ಸಿಂದಗಿ

ಉತ್ತರ: ಪತ್ರ ಇಬ್ಬರಿಗೂ ಕೊಡಬೇಡಿ. ದೂರು ಮಾತ್ರ ಕೊಡಿ. ಎರಡೂ ಬೇರೆ ಬೇರೆ.

ಮಗು ಹೇಳಿದ್ದನ್ನು ಕೇಳಿಸಿಕೊಂಡ ಮೇಲೆ ನಿಮಗೆ ಬೇರೆ ದಾರಿಯೇ ಇಲ್ಲ. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಿದ್ದೂ ತಿಳಿಸದವರಿಗೆ ಪೋಕ್ಸೋ 21ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಇದೆ. ಅದು ಹೆಡ್‌ಮಾಸ್ತರರಿಗೂ ಅನ್ವಯಿಸುತ್ತದೆ. ಈ ಸಾಲನ್ನು ಅವರಿಗೆ ಓದಿ ಹೇಳಿ, ನೆನಪಿಡಲು ಅನುಕೂಲವಾಗುತ್ತದೆ. ಅವರ ಒಪ್ಪಿಗೆ ಸಿಗುವ ತನಕ ನೀವು ಕಾಯಬೇಕಾಗಿಲ್ಲ. ಹುಡುಗಿಯ ಮಾತು, ತಾರೀಖು, ಎಲ್ಲಿ ಹೇಳಿದಳು ಎಂದು ಬರೆದು ಠಾಣೆಗೆ ಕೊಡಿ, ಸ್ವೀಕೃತಿ ತಗೊಳ್ಳಿ. ಆರೋಪಿ ಅದೇ ಮನೆಯಲ್ಲಿದ್ದರೆ ಪೊಲೀಸರು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು, ಸಮಿತಿ ಮೂರು ದಿನದೊಳಗೆ ಅವಳು ಎಲ್ಲಿರಬೇಕು ಎಂದು ತೀರ್ಮಾನಿಸಬೇಕು. ಅದಕ್ಕೇ ಆ ಮನೆಯವರನ್ನು ಕರೆದು ಮೊದಲು "ಮಾತಾಡಿ" ನೋಡುವ ಕೆಲಸ ಮಾಡಬೇಡಿ. ಸಂಜೆ ಹುಡುಗಿ ಮನೆಗೆ ಹೋಗುವುದು ಅವರ ಹತ್ತಿರವೇ ಅಲ್ವಾ?

ಕಸ್ಟಡಿ ಕೇಸಿನಲ್ಲಿ ಕೋರ್ಟ್ ಸಮನ್ಸ್ ಕೊಟ್ಟರೆ ಹಾಜರಿ ಪುಸ್ತಕ ತಗೊಂಡು ಹೋಗಿ, ಕಂಡದ್ದನ್ನು ಹೇಳಿ. "ತಾಯಿ ಒಳ್ಳೆಯವಳು", "ತಂದೆ ಸಜ್ಜನ" ಎಂದು ಶಿಫಾರಸು ಬರೆಯುವುದು ಶಾಲೆಯ ಕೆಲಸ ಅಲ್ಲ.

ಪ್ರಶ್ನೆ: ನನ್ನ ಹೆಂಡತಿ ನನ್ನ ಮೇಲೆ ಸುಳ್ಳು ಪೋಕ್ಸೋ ಕೇಸ್ ಹಾಕಿದ್ದಾಳೆ. ಜಾಮೀನಿನ ಮೇಲಿದ್ದೇನೆ. ತಿಂಗಳುಗಟ್ಟಲೆ ಮಗಳ ಮುಖ ನೋಡಿಲ್ಲ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ದೂರದಿಂದ ನೋಡಬಹುದೇ? ಎಲ್ಲ ಹೆಂಗಸರೂ ಈ ಕಾನೂನನ್ನು ಹೀಗೇ ಬಳಸುತ್ತಾರೆ, ನೀವು ಅದರ ಬಗ್ಗೆ ಬರೆಯುವುದಿಲ್ಲ.
– ಒಬ್ಬ ನೊಂದವ, ನಿಪ್ಪಾಣಿ

ಉತ್ತರ: ಗೇಟಿನ ಹತ್ತಿರ ಹೋಗಬೇಡಿ. ಜಾಮೀನಿನ ಷರತ್ತು ಓದಿ ನೋಡಿ. ಸಾಕ್ಷಿಯ ಹತ್ತಿರ ಸುಳಿಯಬಾರದು ಎಂದಿದ್ದರೆ, ನಿಮ್ಮ ಕೇಸಿನಲ್ಲಿ ಆ ಸಾಕ್ಷಿ ನಿಮ್ಮ ಮಗಳೇ. ಜಾಮೀನು ರದ್ದಾಗಬಹುದು.

ನಿಮ್ಮ ಕೇಸ್ ಸುಳ್ಳೋ ನಿಜವೋ ಒಂದು ಇನ್‌ಲ್ಯಾಂಡ್ ಲೆಟರ್ ಓದಿ ನಾನು ಹೇಳಲಾರೆ. ಸುಳ್ಳು ಕೇಸುಗಳು ಇವೆ. ನಿಜವಿದ್ದೂ ಮುಚ್ಚಿಹೋದ ಕೇಸುಗಳೂ ಇವೆ, ಅವು ಕೋರ್ಟಿನ ಮೆಟ್ಟಿಲು ಹತ್ತದ ಕಾರಣ ನಿಮಗೆ ಕಾಣುವುದಿಲ್ಲ. ಎಲ್ಲ ಹೆಂಗಸರ ಮಾತು ಬಿಡಿ, ನಿಮ್ಮ ಕೇಸಿನ ಮಾತಾಡೋಣ. ಫ್ಯಾಮಿಲಿ ಕೋರ್ಟಿನಲ್ಲಿ ಅರ್ಜಿ ಹಾಕಿ, ಕೌನ್ಸೆಲರ್ ಕಣ್ಣೆದುರು ಕೋರ್ಟಿನ ಆವರಣದಲ್ಲೇ ಭೇಟಿ ಕೇಳಿ. ಅದು ಅವಮಾನ ಎಂದು ಕೆಲವರು ಬೇಡವೆನ್ನುತ್ತಾರೆ. ನನ್ನ ಪ್ರಕಾರ ನಿರಪರಾಧಿಗೆ ಅದೇ ಒಳ್ಳೆಯ ರಕ್ಷಣೆ, ಮಗಳು ನಿಮ್ಮ ಹತ್ತಿರ ಹೇಗಿರುತ್ತಾಳೆ ಎಂದು ಮೂರನೆಯವರೊಬ್ಬರು ನೋಡುತ್ತಾರೆ. ತಜ್ಞರ ನೆರವು ಪಡೆಯಲು ಕೋರ್ಟಿಗೆ ಫ್ಯಾಮಿಲಿ ಕೋರ್ಟ್ ಕಾಯ್ದೆಯ 12ನೇ ಸೆಕ್ಷನ್ ಇದೆ. ಧಾರವಾಡದ ಡಿಮ್ಹಾನ್ಸ್‌ನಂಥ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯ ತಜ್ಞರು ಮಗುವನ್ನು ನೋಡಲಿ ಎಂದು ನೀವೇ ಮುಂದಾಗಿ ಕೇಳಿ. ಆದರೆ ಕೋರ್ಟ್ ಈಗಲೇ ಭೇಟಿ ಬೇಡ ಎಂದರೆ ಒಪ್ಪಿಕೊಂಡು ಕಾಯಬೇಕು.

ಪ್ರಶ್ನೆ: ನಾವು ಮುಸ್ಲಿಮರು. ಮಗನಿಗೆ ಏಳು ತುಂಬಿತು. ಇನ್ನು ಅವನು ತಂದೆಗೆ ಸೇರಬೇಕು ಎಂದು ಗಂಡನ ಮನೆಯವರು ಒತ್ತಾಯ ಮಾಡುತ್ತಿದ್ದಾರೆ. ನನ್ನ ಗಂಡ ಕುಡಿದು ನನಗೂ ಮಗನಿಗೂ ಹೊಡೆಯುತ್ತಿದ್ದರು. ವಕೀಲರಿಗೆ ಕೊಡಲು ನನ್ನ ಹತ್ತಿರ ದುಡ್ಡಿಲ್ಲ.
– ಒಬ್ಬ ತಾಯಿ, ವಿಜಯಪುರ

ಉತ್ತರ: ಏಳು ವರ್ಷದ ಮಾತು ಹನಫಿ ಪದ್ಧತಿಯದು, ನಿಜ. ಆದರೆ 1890ರ ಪೋಷಕರ ಮತ್ತು ಪಾಲಿತರ ಕಾಯ್ದೆ ಎಲ್ಲ ಧರ್ಮದವರಿಗೂ ಒಂದೇ. ಅದರಲ್ಲಿ ಕೋರ್ಟ್ ಮಗುವಿನ ಹಿತವನ್ನೇ ಮುಂದಿಟ್ಟುಕೊಂಡು ತೀರ್ಮಾನಿಸುತ್ತದೆ. ಏಳು ತುಂಬಿದ ಬೆಳಗ್ಗೆ ಯಾರೂ ಬಂದು ಮಗನನ್ನು ಎಳಕೊಂಡು ಹೋಗುವಂತಿಲ್ಲ, ಹೊಡೆಯುವವರ ಕೈಗಂತೂ ಅಲ್ಲ. ಇದರ ಜೊತೆ ಕೌಟುಂಬಿಕ ಹಿಂಸೆ ಕಾಯ್ದೆ 2005ರ ಅಡಿ ಮ್ಯಾಜಿಸ್ಟ್ರೇಟ್ ಕೋರ್ಟಿಗೂ ಅರ್ಜಿ ಹಾಕಬಹುದು. ಅದರ 21ನೇ ಸೆಕ್ಷನ್‌ನಲ್ಲಿ ಮಗನ ತಾತ್ಕಾಲಿಕ ಕಸ್ಟಡಿ ನಿಮಗೆ ಕೊಡಲು ಬರುತ್ತದೆ. ತಂದೆಯ ಭೇಟಿಯಿಂದ ಮಗುವಿಗೆ ತೊಂದರೆ ಎಂದು ಕಂಡರೆ ಅದನ್ನು ನಿರಾಕರಿಸಲೂ ಬರುತ್ತದೆ.

ದುಡ್ಡಿನ ಚಿಂತೆ ಬಿಡಿ. ಹೆಣ್ಣುಮಕ್ಕಳಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಆಧಾರ್ ಕಾರ್ಡ್ ತಗೊಂಡು ಹೋಗಿ, ಇಲ್ಲವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.

ಪ್ರಶ್ನೆ: ವಕೀಲವ್ವಾ, ಮೊಮ್ಮಗಳ ಕೇಸ್ ಪೋಕ್ಸೋ ಕೋರ್ಟಿಗೆ ಬಂದೈತಿ. ಕಟಕಟೆದಾಗ ನಿಂದ್ರಿಸಿ, ಅವನ ಎದುರು ಕೇಳತಾರಂತ. ಕೂಸು ಅಂಜತೈತಿ.
– ಒಬ್ಬ ಅಜ್ಜಿ, ಮುಧೋಳ (ಮೊಮ್ಮಗ ಬರೆದುಕೊಟ್ಟದ್ದು)

ಉತ್ತರ: ಅವ್ವಾ, ಹಾಗೆ ಕೇಳುವುದಿಲ್ಲ. ಆರೋಪಿ ಮಗುವಿನ ಕಣ್ಣಿಗೆ ಬೀಳದ ಹಾಗೆ ಪರದೆ ಹಾಕಿಯೋ ವಿಡಿಯೊ ಮೂಲಕವೋ ಕೇಳಬೇಕು ಎಂದು ಕಾನೂನೇ ಇದೆ. ವಕೀಲರು ನೇರವಾಗಿ ಮಗುವಿಗೆ ಪಾಟಿ ಸವಾಲು ಹಾಕುವಂತಿಲ್ಲ. ಅವರು ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು, ನ್ಯಾಯಾಧೀಶರು ಕೇಳುತ್ತಾರೆ. ದಬಾಯಿಸಿ ಕೇಳಲು, ಮತ್ತೆ ಮತ್ತೆ ಕರೆಸಲು ಬಿಡುವುದಿಲ್ಲ. ನಡುನಡುವೆ ನೀರು ಕುಡಿಯಲು, ಸುಧಾರಿಸಿಕೊಳ್ಳಲು ಬಿಡುವು ಕೇಳಬಹುದು. ಅವಳಿಗೆ ನಂಬಿಕೆ ಇರುವವರು ಒಬ್ಬರು ಕೋರ್ಟಿನಲ್ಲಿ ಜೊತೆಗಿರಬಹುದು. ನೀವೂ ಸಾಕ್ಷಿಯಾಗಿದ್ದರೆ ಮಾತ್ರ ಎದುರಿನವರು ತಕರಾರು ತೆಗೆಯುತ್ತಾರೆ. ಹಾಗಿದ್ದರೆ ಅವಳಿಗೆ ಸಲುಗೆ ಇರುವ ಚಿಗವ್ವನನ್ನೋ ಅತ್ತೆಯನ್ನೋ ಈಗಲೇ ಗೊತ್ತುಮಾಡಿ, ತಾರೀಖಿಗೆ ಮುಂಚೆಯೇ ಸರ್ಕಾರಿ ವಕೀಲರಿಗೆ ಹೆಸರು ಕೊಟ್ಟಿರಿ.